ಒಂದು ವರ್ಷದ ತರಬೇತಿ, ಹಲವು ವರ್ಷಗಳ ಕಾಯಿಲೆ

(ನೇತ್ರವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ತೆರೆಯ ಮೇಲಿನ ಚಿತ್ರಗಳಿಲ್ಲದೆ ಅರ್ಥವಾಗದ ಭಾಗಗಳನ್ನು ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ನಿಮ್ಮಲ್ಲಿ ಹೆಚ್ಚಿನವರು ಓದು ಮುಗಿಸುವ ಹಂತದಲ್ಲಿದ್ದೀರಿ. ಮುಂದೆ ಯಾವ ಫೆಲೋಶಿಪ್, ಅಂದರೆ ಸ್ನಾತಕೋತ್ತರದ ನಂತರದ ವಿಶೇಷ ತರಬೇತಿ, ಎಂಬ ಲೆಕ್ಕಾಚಾರ ಈಗಾಗಲೇ ಶುರುವಾಗಿರುತ್ತದೆ. ರೆಟಿನಾ, ಕಾರ್ನಿಯಾ, ಗ್ಲಾಕೋಮಾ ವಿಭಾಗಗಳಿಗೆ ಅರ್ಜಿಗಳು ಬೇಕಾದಷ್ಟು ಬರುತ್ತವೆ. ಕಣ್ಣಿನ ಉರಿಯೂತದ ನಮ್ಮ ವಿಭಾಗಕ್ಕೆ ಅಷ್ಟು ಬರುವುದಿಲ್ಲ. ಕಾರಣ ಎಲ್ಲರಿಗೂ ಗೊತ್ತಿದೆ, ಬಾಯಿಬಿಟ್ಟು ಹೇಳುವವರು ಕಡಿಮೆ: ಇಲ್ಲಿ ಕತ್ತರಿ ಹಿಡಿಯುವ ಕೆಲಸ ಕಡಿಮೆ, ಕೂತು ಯೋಚಿಸುವ ಕೆಲಸ ಹೆಚ್ಚು. ರೋಗಿ ಒಂದೇ ಸಲಕ್ಕೆ ವಾಸಿಯಾಗಿ ಹೋಗುವುದಿಲ್ಲ, ಮತ್ತೆ ಮತ್ತೆ ಬರುತ್ತಾನೆ.

ಸಂದರ್ಶನಕ್ಕೆ ಬಂದವರು ಸಾಮಾನ್ಯವಾಗಿ ನಮ್ಮನ್ನು ಕೇಳುವ ಮೊದಲ ಪ್ರಶ್ನೆ: ‘ವರ್ಷದಲ್ಲಿ ಎಷ್ಟು ಶಸ್ತ್ರಚಿಕಿತ್ಸೆ ಕೈಗೆ ಸಿಗುತ್ತದೆ, ಎಷ್ಟು ರೋಗಿಗಳನ್ನು ನೋಡಬಹುದು?’ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಕಣ್ಣಿನ ಪೊರೆ ತೆಗೆಯುವುದನ್ನು ಕಲಿಯುವವರಿಗೆ ಎಣಿಕೆ ಬಹಳ ಮುಖ್ಯ. ಕೈ ಪಳಗುವುದೇ ಎಣಿಕೆಯಿಂದ. ನಮ್ಮ ವಿಭಾಗದಲ್ಲಿ ಮಾತ್ರ ಕೇಳಬೇಕಾದದ್ದು ಬೇರೆ: ಒಬ್ಬನೇ ರೋಗಿಯನ್ನು ನಾನು ಎಷ್ಟು ಸಲ ನೋಡುತ್ತೇನೆ? ಇವತ್ತು ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಬೇರೆ ಕ್ಷೇತ್ರಗಳಿಂದ ಬಂದವರೂ ಸಭೆಯಲ್ಲಿದ್ದಾರೆ. ಅವರಿಗಾಗಿ ಎರಡು ಮಾತು. ಕಣ್ಣಿನ ಗುಡ್ಡೆಗೆ ಮೂರು ಪದರಗಳಿವೆ. ಹೊರಗಿನದು ಬಿಳಿಗುಡ್ಡೆ ಮತ್ತು ಕಾರ್ನಿಯಾ, ಒಳಗಿನದು ರೆಟಿನಾ. ನಡುವಿನದನ್ನು ಯೂವಿಯಾ ಎನ್ನುತ್ತೇವೆ. ರಕ್ತನಾಳಗಳು ತುಂಬಿದ ಪದರ ಅದು. ಅದು ಊದಿಕೊಂಡರೆ ಯೂವಿಯೈಟಿಸ್, ಬಿಳಿಗುಡ್ಡೆ ಊದಿಕೊಂಡರೆ ಸ್ಕ್ಲೀರೈಟಿಸ್. ಸೋಂಕಿನಿಂದ ಬರಬಹುದು, ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ಮೇಲೆಯೇ ತಿರುಗಿಬಿದ್ದು ಬರಬಹುದು, ಎಷ್ಟು ಹುಡುಕಿದರೂ ಕಾರಣ ಸಿಗದೆಯೂ ಉಳಿಯಬಹುದು. ಇಳಿವಯಸ್ಸಿನವರಿಗಿಂತ ದುಡಿಯುವ ವಯಸ್ಸಿನವರನ್ನೇ ಇದು ಹೆಚ್ಚಾಗಿ ಹಿಡಿಯುತ್ತದೆ. ಮೂವತ್ತೈದರಲ್ಲಿ ದೃಷ್ಟಿ ಕಳೆದುಕೊಂಡವನು ಮುಂದೆ ಎಷ್ಟು ವರ್ಷ ಕುರುಡನಾಗಿ ಬದುಕಬೇಕು ಎಂದು ಲೆಕ್ಕ ಹಾಕಿದರೆ ಈ ಕಾಯಿಲೆಯ ಭಾರ ತಿಳಿಯುತ್ತದೆ.

ಇನ್ನು ತರಬೇತಿಯ ವಿಷಯಕ್ಕೆ ಬರುತ್ತೇನೆ. ಫೆಲೋ ಬಂದ ಮೊದಲ ವಾರಗಳಲ್ಲಿ ನಾವು ಕಲಿಸುವುದು ನೋಡುವುದನ್ನು ಮತ್ತು ನೋಡಿದ್ದನ್ನು ಬರೆಯುವುದನ್ನು. ಕೇಳಲು ಸಪ್ಪೆ ಎನಿಸುತ್ತದೆ. ಆದರೆ ಈ ಕ್ಷೇತ್ರ ದಶಕಗಳ ಕಾಲ ಕುಂಟಿದ್ದೇ ಇಲ್ಲಿ. ಒಬ್ಬ ವೈದ್ಯ ‘ಸಾಧಾರಣ ಉರಿಯೂತ’ ಎಂದು ಬರೆದದ್ದನ್ನು ಇನ್ನೊಬ್ಬ ‘ತೀವ್ರ’ ಎನ್ನುತ್ತಿದ್ದ. 1987ರಲ್ಲಿ ಅಂತರರಾಷ್ಟ್ರೀಯ ಯೂವಿಯೈಟಿಸ್ ಅಧ್ಯಯನ ಗುಂಪು ಉರಿಯೂತ ಇರುವ ಜಾಗವನ್ನು ಆಧರಿಸಿ ಮುಂಭಾಗ, ಮಧ್ಯಭಾಗ, ಹಿಂಭಾಗ, ಇಡೀ ಕಣ್ಣು ಎಂಬ ವಿಂಗಡಣೆ ಕೊಟ್ಟಿತು. 2005ರಲ್ಲಿ, ಯೂವಿಯೈಟಿಸ್‌ನ ಪರಿಭಾಷೆಯನ್ನು ಏಕರೂಪಗೊಳಿಸಲು ಹುಟ್ಟಿದ ಸನ್ ಕಾರ್ಯಗುಂಪಿನ ಒಪ್ಪಂದ ಪ್ರಕಟವಾಯಿತು. ಇಂದು ನಾವೆಲ್ಲ ಬಳಸುವುದು ಅದನ್ನೇ. ಸ್ಲಿಟ್ ಲ್ಯಾಂಪ್ ಎಂಬ, ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕದ ಬೆಳಕನ್ನು ಒಂದು ಮಿಲಿಮೀಟರ್ ಉದ್ದ, ಒಂದು ಮಿಲಿಮೀಟರ್ ಅಗಲಕ್ಕೆ ಕಿರಿದು ಮಾಡಿ, ಕಣ್ಣಿನ ಮುಂಕೋಣೆಯ ದ್ರವದಲ್ಲಿ ತೇಲುವ ಬಿಳಿ ರಕ್ತಕಣಗಳನ್ನು ಎಣಿಸಬೇಕು. 6ರಿಂದ 15 ಇದ್ದರೆ 1+, 16ರಿಂದ 25 ಇದ್ದರೆ 2+, 26ರಿಂದ 50 ಇದ್ದರೆ 3+, ಅದಕ್ಕೂ ಮೇಲೆ 4+. ಒಂದರಿಂದ ಐದರವರೆಗೆ ಕಂಡರೆ 0.5+.

ಹೊಸಬರು ಇಲ್ಲಿ ಎಡವುತ್ತಾರೆ. ಕೋಣೆಯ ದೀಪ ಆರಿಸಿರುವುದಿಲ್ಲ, ಬೆಳಕಿನ ಕಿರಣ ಅಗಲವಾಗಿರುತ್ತದೆ, ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗಿದ ಮೇಲೆ ಎಣಿಸುತ್ತಾರೆ. ಹಾಗೆ ಹಿಗ್ಗಿಸಿದಾಗ ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್‌ನಿಂದ ಉದುರುವ ಬಣ್ಣದ ಕಣಗಳೂ ತೇಲುತ್ತವೆ; ಅವನ್ನು ರಕ್ತಕಣಗಳೆಂದು ಎಣಿಸಿ ಚಿಕಿತ್ಸೆ ಹೆಚ್ಚಿಸಿಬಿಡುತ್ತಾರೆ. ಆದ್ದರಿಂದ ನಾನು ಹೇಳುವುದು: ಮೊದಲ ಎರಡು ತಿಂಗಳು ಫೆಲೋ ಮತ್ತು ಹಿರಿಯ ವೈದ್ಯ ಒಬ್ಬರ ಎಣಿಕೆಯನ್ನು ಇನ್ನೊಬ್ಬರು ನೋಡದೆ ಬೇರೆ ಬೇರೆಯಾಗಿ ಬರೆಯಬೇಕು, ಆಮೇಲೆ ಹೋಲಿಸಬೇಕು. ಇಬ್ಬರ ಅಂಕ ಹೊಂದುವವರೆಗೆ ಔಷಧದ ಪ್ರಮಾಣ ಬದಲಿಸುವ ಅಧಿಕಾರ ಫೆಲೋಗೆ ಕೊಡಬಾರದು. ಅಂಕವೇ ತಪ್ಪಾದರೆ ಕಾಯಿಲೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಯಾರಿಗೂ ತಿಳಿಯುವುದಿಲ್ಲ.

ನೋಡಲು ಬಂದ ಮೇಲೆ ಹೆಸರಿಡಲು ಬರಬೇಕು. 2021ರಲ್ಲಿ ಅದೇ ಸನ್ ಗುಂಪು 25 ಬಗೆಯ ಯೂವಿಯೈಟಿಸ್‌ಗಳಿಗೆ ವರ್ಗೀಕರಣದ ಮಾನದಂಡಗಳನ್ನು ಪ್ರಕಟಿಸಿತು. ಸಂಶೋಧನೆಗಾಗಿ ಮಾಡಿದ ಮಾನದಂಡಗಳು ಅವು. ಎದುರಿಗಿರುವ ರೋಗಿಯನ್ನು ಪಟ್ಟಿಗೆ ತುರುಕಲು ಅಲ್ಲ ಎಂದು ಪ್ರತಿ ಹೊಸ ತಂಡಕ್ಕೂ ಹೇಳಬೇಕಾಗುತ್ತದೆ.

ಇಲ್ಲಿಯೇ ಪರೀಕ್ಷೆಗಳ ಮಾತು ಬರುತ್ತದೆ. ಕಾರಣ ಗೊತ್ತಾಗದ ಕಣ್ಣು ಎದುರಿಗೆ ಬಂದಾಗ ಪ್ರಯೋಗಾಲಯದ ಚೀಟಿಯಲ್ಲಿ ಎಲ್ಲ ಚೌಕಗಳಿಗೂ ಗುರುತು ಹಾಕುವುದು ಸುಲಭ. ಅದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕ ನೋಡಿ. ಸಾವಿರ ರೋಗಿಗಳಲ್ಲಿ ಹತ್ತು ಮಂದಿಗೆ ಮಾತ್ರ ಒಂದು ಕಾಯಿಲೆ ಇದೆ ಎಂದುಕೊಳ್ಳಿ. ಪರೀಕ್ಷೆ ಒಳ್ಳೆಯದೇ: ಕಾಯಿಲೆ ಇರುವ ಹತ್ತರಲ್ಲಿ ಒಂಬತ್ತು ಮಂದಿಯನ್ನು ಹಿಡಿಯುತ್ತದೆ, ಇಲ್ಲದ ನೂರರಲ್ಲಿ ಐವರನ್ನು ಮಾತ್ರ ತಪ್ಪಾಗಿ ತೋರಿಸುತ್ತದೆ. ಸಾವಿರ ಜನಕ್ಕೂ ಮಾಡಿದರೆ ನಿಜವಾದ ಒಂಬತ್ತರ ಜೊತೆಗೆ ಸುಮಾರು ಐವತ್ತು ಸುಳ್ಳು ಫಲಿತಾಂಶ ಬರುತ್ತವೆ. ‘ಪಾಸಿಟಿವ್’ ಎಂದು ಬಂದ ಪ್ರತಿ ಏಳು ಚೀಟಿಯಲ್ಲಿ ಆರು ಸುಳ್ಳು. ಸಂಧಿನೋವೇ ಇಲ್ಲದ ವಯಸ್ಕರಿಗೆ, ದೇಹ ತನ್ನ ಮೇಲೆಯೇ ತಿರುಗಿಬೀಳುವ ಕಾಯಿಲೆಗಳ ಸುಳಿವು ಹುಡುಕುವ ಎಎನ್‌ಎ ಪರೀಕ್ಷೆ ಬರೆಯುವ ಅಭ್ಯಾಸ ಇಂಥದ್ದು. ಆ ಒಂದು ಸುಳ್ಳಿನಿಂದಾಗಿ ರೋಗಿ ತಿಂಗಳುಗಟ್ಟಲೆ ಇಲ್ಲದ ಕಾಯಿಲೆಯ ಭಯದಲ್ಲಿ ಅಲೆಯುತ್ತಾನೆ.

ಹಾಗೆಂದು ಪರೀಕ್ಷೆಯೇ ಬೇಡ ಎಂದಲ್ಲ. ಸಿಫಿಲಿಸ್ ಪರೀಕ್ಷೆಯನ್ನು ನಾವು ಬಹುತೇಕ ಎಲ್ಲರಿಗೂ ಮಾಡಿಸುತ್ತೇವೆ, ಏಕೆಂದರೆ ಅದು ಯಾವ ವೇಷದಲ್ಲಿ ಬೇಕಾದರೂ ಬರುತ್ತದೆ ಮತ್ತು ಪೆನಿಸಿಲಿನ್‌ಗೆ ಬಗ್ಗುತ್ತದೆ. ಎದೆಯ ಚಿತ್ರ ತೆಗೆಸುತ್ತೇವೆ. ಕ್ಷಯ ಮತ್ತು ಅಂಗಾಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳು ಮೂಡುವ ಸಾರ್ಕಾಯ್ಡೋಸಿಸ್ ಎರಡರ ಸುಳಿವೂ ಅಲ್ಲಿ ಸಿಗಬಹುದು. ಉಳಿದದ್ದನ್ನು ರೋಗಿಯ ವಯಸ್ಸು, ಕಥೆ, ಕಣ್ಣಿನೊಳಗಿನ ಚಹರೆ ನಿರ್ಧರಿಸಬೇಕು. ಯುವಕನೊಬ್ಬನಿಗೆ ಒಂದೇ ಕಣ್ಣು ಹಠಾತ್ತಾಗಿ ಕೆಂಪಾಗಿ ನೋಯುತ್ತಿದ್ದರೆ, ಬೆಳಗ್ಗೆ ಏಳುವಾಗ ಬೆನ್ನು ಬಿಗಿಯುತ್ತಿದ್ದರೆ, ಬೆನ್ನುಮೂಳೆಯ ಸಂಧಿವಾತದೊಂದಿಗೆ ನಂಟಿರುವ ವಂಶವಾಹಿಯ ಪರೀಕ್ಷೆಯಾದ ಎಚ್‌ಎಲ್‌ಎ-ಬಿ27 ಕೇಳುವುದಕ್ಕೆ ಅರ್ಥವಿದೆ. ಬೆನ್ನಿನ ಪ್ರಶ್ನೆಯನ್ನು ಕಣ್ಣಿನ ವೈದ್ಯ ಕೇಳದಿದ್ದರೆ ಆ ಬೆನ್ನುಮೂಳೆಯ ಸಂಧಿವಾತ ಇನ್ನಷ್ಟು ವರ್ಷ ಪತ್ತೆಯಾಗದೆ ಉಳಿಯಬಹುದು.

ಸೋಂಕು ಹೌದೋ ಅಲ್ಲವೋ ಎಂಬುದು ಈ ಕ್ಷೇತ್ರದ ಅತಿ ದೊಡ್ಡ ಕವಲು. ಒಂದು ದಾರಿಯಲ್ಲಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸಬೇಕು, ಇನ್ನೊಂದರಲ್ಲಿ ತಗ್ಗಿಸಿದರೆ ಕಣ್ಣು ಹೋಗುತ್ತದೆ. ಹರ್ಪಿಸ್ ಕುಟುಂಬದ ವೈರಸ್‌ಗಳು ರೆಟಿನಾವನ್ನು ಅಂಚಿನಿಂದ ಕೊಲ್ಲುತ್ತ ಬರುವ ತೀವ್ರ ರೆಟಿನಾ ನೆಕ್ರೋಸಿಸ್ ಎಂಬ ಸ್ಥಿತಿ ಇದೆ. ಮೇಲ್ನೋಟಕ್ಕೆ ಸಾದಾ ಮುಂಭಾಗದ ಉರಿಯೂತ. ಪಾಪೆ ಹಿಗ್ಗಿಸಿ ರೆಟಿನಾದ ಅಂಚನ್ನು ನೋಡದೆ ಸ್ಟೀರಾಯ್ಡ್ ಹನಿ ಕೊಟ್ಟು ಕಳುಹಿಸಿದರೆ ಮುಂದಿನ ಭೇಟಿಯ ಹೊತ್ತಿಗೆ ಉಳಿಸಿಕೊಳ್ಳಲು ಹೆಚ್ಚೇನೂ ಇರುವುದಿಲ್ಲ. ಕಣ್ಣಿನ ದ್ರವವನ್ನು ಸೂಜಿಯಲ್ಲಿ ಹೀರಿ, ವೈರಸ್‌ನ ತಳಿಅಂಶ ಹುಡುಕುವ ಪರೀಕ್ಷೆಯಾದ ಪಿಸಿಆರ್‌ಗೆ ಕಳುಹಿಸಬೇಕು, ಆದರೆ ವರದಿಗಾಗಿ ಕಾಯಬಾರದು. ವೈರಸ್ ವಿರೋಧಿ ಔಷಧ ಅಂದೇ ಶುರುವಾಗಬೇಕು. ಮುಂಕೋಣೆಯಿಂದ ದ್ರವ ತೆಗೆಯುವುದನ್ನು ಪ್ರತಿ ಫೆಲೋ ಕೈ ನಡುಗದೆ ಮಾಡುವಂತಾಗಬೇಕು. ಎಣಿಕೆ ಮುಖ್ಯವಾಗುವ ಕೆಲವೇ ಕೆಲಸಗಳಲ್ಲಿ ಇದೊಂದು ಎಂದು ಒಪ್ಪುತ್ತೇನೆ.

ಪುಸ್ತಕದಲ್ಲಿ ಇಲ್ಲದ ಸೋಂಕುಗಳೂ ಬರುತ್ತವೆ. 1993ರ ಪ್ರವಾಹದ ನಂತರ ಮದುರೈ ಸುತ್ತಮುತ್ತ ಇಲಿಜ್ವರ ಎನ್ನುವ ಲೆಪ್ಟೋಸ್ಪೈರೋಸಿಸ್ ಹರಡಿತು. ಅದರ ಬೆನ್ನಿಗೇ ಯೂವಿಯೈಟಿಸ್ ರೋಗಿಗಳು ಗುಂಪುಗುಂಪಾಗಿ ಕಾಣಿಸಿಕೊಂಡರು. ಒಂದೊಂದು ಕಣ್ಣನ್ನೂ ಬಿಡಿಯಾಗಿ ನೋಡಿದ್ದರೆ ಸುಳಿವು ಸಿಗುತ್ತಿರಲಿಲ್ಲ. ಇಷ್ಟು ಮಂದಿ ಈಗೇಕೆ ಎಂದು ಕೇಳಿದ್ದರಿಂದ ಸಿಕ್ಕಿತು. 2014ರಲ್ಲಿ ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ರೋಗಿಗಳಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯ ಇಯಾನ್ ಕ್ರೋಜಿಯರ್ ತಾವೇ ಸೋಂಕಿಗೆ ಸಿಕ್ಕಿ, ಅಮೆರಿಕದ ಎಮೋರಿ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಬದುಕಿದರು. ರಕ್ತದಲ್ಲಿ ವೈರಸ್ ಇಲ್ಲವಾಗಿ ಮನೆಗೆ ಹೋದ ಮೇಲೆ ಕಣ್ಣು ಊದಿಕೊಂಡಿತು. ಕಣ್ಣಿನ ದ್ರವ ತೆಗೆದು ನೋಡಿದರೆ ಜೀವಂತ ಎಬೋಲಾ ವೈರಸ್. ನೀಲಿಯಾಗಿದ್ದ ಅವರ ಐರಿಸ್ ಆ ದಿನಗಳಲ್ಲಿ ಹಸಿರಿಗೆ ತಿರುಗಿತ್ತು. 2015ರಲ್ಲಿ ಆ ವರದಿ ಪ್ರಕಟವಾಯಿತು. ಚೇತರಿಸಿಕೊಂಡ ರೋಗಿಯನ್ನು ಮತ್ತೆ ಕರೆದು ನೋಡುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕೆ?

ಉರಿಯೂತದಂತೆ ಕಂಡು ಉರಿಯೂತವೇ ಅಲ್ಲದ ಕಾಯಿಲೆಗಳೂ ಇವೆ. ಅರವತ್ತು ದಾಟಿದವರಲ್ಲಿ ಮೊದಲ ಬಾರಿಗೆ ಕಣ್ಣಿನೊಳಗಿನ ಜೆಲ್ಲಿಯಲ್ಲಿ ಕಣಗಳ ಮಬ್ಬು ಕಂಡರೆ, ಸ್ಟೀರಾಯ್ಡ್‌ಗೆ ಸ್ವಲ್ಪ ಇಳಿದು ಮತ್ತೆ ಏರಿದರೆ, ಲಿಂಫೋಮಾ ಎಂಬ ಕ್ಯಾನ್ಸರ್ ನೆನಪಾಗಬೇಕು. ಅದು ಮಿದುಳಿನಲ್ಲೂ ಇರಬಹುದು, ಮುಂದೆ ಕಾಣಿಸಿಕೊಳ್ಳಲೂಬಹುದು. ಕಣ್ಣಿನ ಜೆಲ್ಲಿಯ ಮಾದರಿ ತೆಗೆದು ಪರೀಕ್ಷಿಸಿದರೆ ಹಲವು ಸಲ ಉತ್ತರ ಸಿಗುತ್ತದೆ, ಸ್ಟೀರಾಯ್ಡ್ ಕೊಟ್ಟ ಮೇಲೆ ತೆಗೆದರೆ ಸಿಗದೆಯೂ ಹೋಗುತ್ತದೆ. ‘ಸ್ವಲ್ಪ ಇಳಿದು ಮತ್ತೆ ಏರಿದರೆ’ ಎಂದೆನಲ್ಲ, ಆ ಏರಿಳಿತವನ್ನು ಗಮನಿಸಬೇಕಾದರೆ ಅದೇ ವೈದ್ಯ ಎರಡನ್ನೂ ನೋಡಿರಬೇಕು. ಪ್ರತಿ ಭೇಟಿಗೂ ಬೇರೆ ಬೇರೆ ವೈದ್ಯರು ಸಿಕ್ಕುವ ವ್ಯವಸ್ಥೆಯಲ್ಲಿ ಮೊದಲನೆಯವನಿಗೆ ಇಳಿದದ್ದು ಗೊತ್ತು, ಎರಡನೆಯವನಿಗೆ ಏರಿದ್ದು ಗೊತ್ತು, ಎರಡೂ ಗೊತ್ತಿರುವವನು ರೋಗಿ ಮಾತ್ರ.

ಈಗ ಚಿಕಿತ್ಸೆ. ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ 1948ರಲ್ಲಿ ಸಂಧಿವಾತದ ರೋಗಿಗೆ ಮೊದಲ ಬಾರಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು, 1950ರಲ್ಲಿ ನೊಬೆಲ್ ಬಂತು. ಕಣ್ಣಿನ ವೈದ್ಯರೂ ಬಹುಬೇಗ ಅದನ್ನು ಕೈಗೆತ್ತಿಕೊಂಡರು. ಇಂದಿಗೂ ಸ್ಟೀರಾಯ್ಡ್‌ನಷ್ಟು ವೇಗವಾಗಿ ಉರಿಯೂತ ಇಳಿಸುವ ಮದ್ದು ನಮ್ಮ ಕೈಯಲ್ಲಿ ಕಡಿಮೆ. ಆದರೆ ಅದು ಸಾಲದ ದುಡ್ಡು. ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆ, ಟೊಳ್ಳಾಗುವ ಮೂಳೆ ಎಲ್ಲವೂ ಬಡ್ಡಿಯ ಲೆಕ್ಕದಲ್ಲಿ ಬರುತ್ತವೆ. ಸುಮಾರು ಮೂರು ತಿಂಗಳೊಳಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ದಿನಕ್ಕೆ 7.5 ಮಿಲಿಗ್ರಾಂ ಅಥವಾ ಅದಕ್ಕಿಂತ ಕೆಳಗೆ ಇಳಿಯದಿದ್ದರೆ, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಬೇರೆ ಔಷಧ ಜೊತೆಗೆ ಸೇರಿಸಬೇಕು ಎಂಬುದು ಈಗಿನ ರೂಢಿ. ಮೈಯ ರಕ್ತನಾಳಗಳೆಲ್ಲ ಊದಿಕೊಳ್ಳಬಹುದಾದ ಬೆಹ್ಚೆಟ್ ಕಾಯಿಲೆಯಂಥ ಕೆಲವದರಲ್ಲಿ ಅಷ್ಟೂ ಕಾಯುವಂತಿಲ್ಲ, ಮೊದಲ ದಿನದಿಂದಲೇ ಬೇಕು.

ನಮ್ಮಲ್ಲಿ ಬಹಳ ಮಂದಿ ನೇತ್ರತಜ್ಞರಿಗೆ ಈ ಔಷಧಗಳ ಬಗ್ಗೆ ಅಂಜಿಕೆ ಇದೆ. ‘ಕ್ಯಾನ್ಸರ್ ಮದ್ದು’ ಎಂದು ರೋಗಿಯೂ ಹೆದರುತ್ತಾನೆ. ಅಂಜಿಕೆ ಹೋಗಲಾಡಿಸುವುದೇ ಫೆಲೋಶಿಪ್‌ನ ಮುಕ್ಕಾಲು ಭಾಗ ಎಂಬುದು ನನ್ನ ಅಭಿಪ್ರಾಯ. ಅಂಜಿಕೆ ಹೋಗಬೇಕು, ಎಚ್ಚರ ಉಳಿಯಬೇಕು. ಈ ಔಷಧಗಳಲ್ಲಿ ಒಂದಾದ ಮೆಥೋಟ್ರೆಕ್ಸೇಟ್ ವಾರಕ್ಕೆ ಒಮ್ಮೆ ಮಾತ್ರ ನುಂಗುವ ಮಾತ್ರೆ. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಔಷಧ ಚೀಟಿಯಲ್ಲಿ ವಾರದ ಯಾವ ದಿನ ಎಂಬುದನ್ನು ಬರೆದು, ರೋಗಿಯಿಂದ ಬಾಯಿಬಿಟ್ಟು ಹೇಳಿಸಬೇಕು. ರಕ್ತಕಣಗಳ ಎಣಿಕೆ, ಯಕೃತ್ತಿನ ಪರೀಕ್ಷೆ ನಿಗದಿತ ಅಂತರದಲ್ಲಿ ಆಗಬೇಕು, ವರದಿಯನ್ನು ಯಾರು ನೋಡುತ್ತಾರೆ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಮಗು ಬಯಸುವ ಹೆಣ್ಣುಮಕ್ಕಳ ಜೊತೆ ಆ ಮಾತು ಮೊದಲ ದಿನವೇ ಆಗಬೇಕು. ಮೆಥೋಟ್ರೆಕ್ಸೇಟ್ ಆಗಲಿ ಅದೇ ಗುಂಪಿನ ಮೈಕೋಫಿನೊಲೇಟ್ ಆಗಲಿ ಗರ್ಭಕ್ಕೆ ಸಲ್ಲದು. ಇವೆರಡನ್ನೂ ಮುಖಾಮುಖಿ ಇಟ್ಟು ನೋಡಿದ ಫಾಸ್ಟ್ ಎಂಬ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಮೈಕೋಫಿನೊಲೇಟ್ ಮೇಲು ಎಂದು ನಂಬಿದ್ದವರಿಗೆ ಅದರ ಫಲಿತಾಂಶ ಆಸರೆ ಕೊಡಲಿಲ್ಲ. ಚುಚ್ಚುಮದ್ದಾಗಿ ಕೊಡುವ ಅಡಲಿಮುಮ್ಯಾಬ್‌ಗೆ ಸೋಂಕಿಲ್ಲದ ಯೂವಿಯೈಟಿಸ್‌ಗಾಗಿ 2016ರಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಅನುಮತಿ ಸಿಕ್ಕಿತು. ಅದನ್ನು ಕೊಡುವ ಮುನ್ನ ದೇಹದಲ್ಲಿ ಅಡಗಿರುವ ಕ್ಷಯಕ್ಕಾಗಿ ಪರೀಕ್ಷಿಸದಿದ್ದರೆ ಕಣ್ಣು ಉಳಿಸಲು ಹೋಗಿ ಶ್ವಾಸಕೋಶ ಕೆಡಿಸಿದಂತಾಗುತ್ತದೆ.

ನನ್ನ ವಾದಕ್ಕೆ ಅತಿ ಗಟ್ಟಿಯಾದ ಆಧಾರ ಮಸ್ಟ್ ಎಂಬ ಪ್ರಯೋಗ. ಕಣ್ಣಿನ ಮಧ್ಯಭಾಗ, ಹಿಂಭಾಗ ಅಥವಾ ಇಡೀ ಕಣ್ಣಿನ ಉರಿಯೂತವಿದ್ದ 255 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಕಣ್ಣಿನೊಳಗೆ ಫ್ಲುಓಸಿನೊಲೋನ್ ಎಂಬ ಸ್ಟೀರಾಯ್ಡ್ ಅನ್ನು ನಿಧಾನವಾಗಿ ಬಿಡುವ ಸಣ್ಣ ಸಾಧನ ಹೊಲಿದರು. ಇನ್ನೊಂದು ಗುಂಪಿಗೆ ಬಾಯಿಯ ಮೂಲಕ ಸ್ಟೀರಾಯ್ಡ್, ಅಗತ್ಯವಿದ್ದವರಿಗೆ ರೋಗನಿರೋಧಕ ವ್ಯವಸ್ಥೆ ತಗ್ಗಿಸುವ ಔಷಧ. 2011ರಲ್ಲಿ ಎರಡು ವರ್ಷಗಳ ಫಲಿತಾಂಶ ಬಂತು: ದೃಷ್ಟಿಯಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ. ಉರಿಯೂತ ಅಡಗಿಸುವುದರಲ್ಲಂತೂ ಸಾಧನದ್ದೇ ಮೇಲುಗೈ, ಕಣ್ಣಿನ ಒತ್ತಡ ಮತ್ತು ಪೊರೆಯ ತೊಂದರೆ ಬಿಟ್ಟರೆ. ಅಲ್ಲಿಗೇ ನಿಂತಿದ್ದರೆ ಸಾಧನ ಹೊಲಿಯುವುದೇ ಸರಳ ಎಂದು ನಾವೆಲ್ಲ ಪಾಠ ಹೇಳುತ್ತಿದ್ದೆವು. ಅವರು ನಿಲ್ಲಿಸಲಿಲ್ಲ. 2017ರಲ್ಲಿ ಏಳು ವರ್ಷಗಳ ಫಲಿತಾಂಶ ಪ್ರಕಟವಾದಾಗ, ದೇಹಕ್ಕೆಲ್ಲ ಔಷಧ ಪಡೆದವರು ದೃಷ್ಟಿ ಫಲಕದಲ್ಲಿ ಸರಾಸರಿ ಏಳು ಅಕ್ಷರ ಹೆಚ್ಚು ಓದುತ್ತಿದ್ದರು. ಅಷ್ಟು ವರ್ಷ ಎಲ್ಲ ರೋಗಿಗಳೂ ಜೊತೆಗೆ ಉಳಿದಿರಲಿಲ್ಲ ಎಂಬ ಎಚ್ಚರಿಕೆಯನ್ನು ಸೇರಿಸಿಯೇ ಇದನ್ನು ಓದಬೇಕು. ಆದರೂ ಎರಡನೆಯ ವರ್ಷದಲ್ಲಿ ಸರಿಸಮ ಎನಿಸಿದ್ದು ಏಳನೆಯ ವರ್ಷದಲ್ಲಿ ಹಾಗಿರಲಿಲ್ಲ.

ಈಗ ಯೋಚಿಸಿ. ಬಹುಪಾಲು ಫೆಲೋಶಿಪ್‌ಗಳು ಒಂದು ವರ್ಷದವು, ಕೆಲವು ಎರಡು. ಫೆಲೋ ತಾನು ತೆಗೆದುಕೊಂಡ ನಿರ್ಧಾರದ ಫಲವನ್ನು ನೋಡುವ ಮೊದಲೇ ಪ್ರಮಾಣಪತ್ರ ಹಿಡಿದು ಹೊರಟಿರುತ್ತಾನೆ. ಏಳು ವರ್ಷದ ಫೆಲೋಶಿಪ್ ಮಾಡಲು ಬರುವುದಿಲ್ಲ, ಅದನ್ನು ಕೇಳುತ್ತಲೂ ಇಲ್ಲ. ಕೇಳುತ್ತಿರುವುದು ಇಷ್ಟೆ: ಆ ಒಂದು ವರ್ಷವನ್ನು ವಿಭಾಗದಿಂದ ವಿಭಾಗಕ್ಕೆ ತಿರುಗಿಸುತ್ತ ಕಳೆಯಬಾರದು. ಹೊಸ ರೋಗಿಗಳ ಒಂದು ಚಿಕ್ಕ ಗುಂಪನ್ನು ಮೊದಲ ತಿಂಗಳಲ್ಲೇ ಫೆಲೋನ ಹೆಸರಿಗೆ ಬರೆದು, ವರ್ಷವಿಡೀ ಅವರ ಪ್ರತಿ ಭೇಟಿಗೂ ಅವನೇ ಇರುವಂತೆ ಮಾಡಬೇಕು. ಅದರ ಜೊತೆಗೆ ಹತ್ತು ವರ್ಷ ಹಳೆಯ ಕಡತಗಳನ್ನು ತೆರೆದು ಮೊದಲ ಪುಟದಿಂದ ಓದಿಸಬೇಕು. ಪ್ರತಿ ತಿರುವಿನಲ್ಲೂ ನಿಲ್ಲಿಸಿ ‘ಇಲ್ಲಿ ನೀನಾಗಿದ್ದರೆ ಏನು ಮಾಡುತ್ತಿದ್ದೆ’ ಎಂದು ಕೇಳಿ, ಆಮೇಲೆ ಮುಂದಿನ ಪುಟ ತಿರುವಬೇಕು. ವಾರಕ್ಕೆ ಒಂದು ಮಧ್ಯಾಹ್ನ ಇದಕ್ಕೆ ಸಾಕು. ಉಪಕರಣ ಬೇಡ, ಅನುದಾನ ಬೇಡ. ಆದರೂ ಎಷ್ಟೋ ಕಡೆ ಮಾಡುವುದಿಲ್ಲ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ತೀಕ್ಷ್ಣ. ಬಾಲ್ಯದ ಸಂಧಿವಾತದ ಜೊತೆ ಬರುವ ಯೂವಿಯೈಟಿಸ್‌ನಲ್ಲಿ ಹೆಚ್ಚಾಗಿ ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ, ಮಗು ಏನೂ ಹೇಳುವುದಿಲ್ಲ. ಅದಕ್ಕೇ ಅಪಾಯ ಹೆಚ್ಚಿರುವ ಮಕ್ಕಳನ್ನು ಮೂರು ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪಿನ ಮುಂದೆ ಕೂರಿಸಬೇಕು. ಮೆಥೋಟ್ರೆಕ್ಸೇಟ್ ಜೊತೆಗೆ ಅಡಲಿಮುಮ್ಯಾಬ್ ಸೇರಿಸಿ ನೋಡಿದ ಸಿಕಮೋರ್ ಪ್ರಯೋಗದಲ್ಲಿ ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಅದನ್ನು ಮೊದಲೇ ನಿಲ್ಲಿಸಿ 2017ರಲ್ಲಿ ಪ್ರಕಟಿಸಿದರು. ಔಷಧ ಬಂದಿದೆ, ಒಳ್ಳೆಯದೇ. ಮೂರು ವರ್ಷದ ಮಗುವನ್ನು ಅಳಿಸದೆ ಯಂತ್ರದ ಮುಂದೆ ಕೂರಿಸುವುದನ್ನು ಮಾತ್ರ ಯಾವ ಪ್ರಯೋಗವೂ ಕಲಿಸುವುದಿಲ್ಲ. ಎರಡನೆಯ, ಮೂರನೆಯ ಭೇಟಿಯಲ್ಲಿ ಮಗು ನಿಮ್ಮ ಮುಖ ಗುರುತಿಸಿದಾಗ ಆ ಕೆಲಸ ಅರ್ಧ ಸುಲಭವಾಗುತ್ತದೆ.

ಸಂಧಿವಾತ ತಜ್ಞರೊಂದಿಗೆ ಕೂತು ರೋಗಿಯನ್ನು ನೋಡುವ ಜಂಟಿ ಚಿಕಿತ್ಸಾಲಯ ಇಲ್ಲದ ಕಡೆ ಈ ಫೆಲೋಶಿಪ್ ಪೂರ್ಣವಾಗುವುದಿಲ್ಲ. ಸ್ಕ್ಲೀರೈಟಿಸ್ ಒಂದೇ ಸಾಕು ಉದಾಹರಣೆಗೆ. ರಾತ್ರಿ ನಿದ್ದೆಯಿಂದ ಎಬ್ಬಿಸುವಂಥ ಕಣ್ಣುನೋವು, ಬಿಳಿಗುಡ್ಡೆ ತೆಳುವಾಗುತ್ತಿದೆ. ಅದರ ಹಿಂದೆ ಮೂತ್ರಪಿಂಡವನ್ನೂ ಶ್ವಾಸಕೋಶವನ್ನೂ ತಿನ್ನುವ ರಕ್ತನಾಳಗಳ ಉರಿಯೂತ ಇರಬಹುದು. ಮೂತ್ರ ಪರೀಕ್ಷೆ ಬರೆಯುವ ನೇತ್ರವೈದ್ಯ ಅಲ್ಲಿ ಜೀವ ಉಳಿಸುತ್ತಾನೆ.

ಶಸ್ತ್ರಚಿಕಿತ್ಸೆ ಇಲ್ಲವೇ ಇಲ್ಲ ಎಂದು ತಿಳಿಯಬೇಡಿ. ಉರಿಯೂತದ ಕಣ್ಣಿನ ಪೊರೆ ತೆಗೆಯುವುದು ಸಾದಾ ಪೊರೆಯಂತಲ್ಲ: ಪಾಪೆ ಮಸೂರಕ್ಕೆ ಅಂಟಿರುತ್ತದೆ, ಒತ್ತಡ ಏರಿರಬಹುದು ಇಲ್ಲವೇ ತೀರಾ ಕುಸಿದಿರಬಹುದು. ಆದರೆ ಕಷ್ಟ ಇರುವುದು ಅದರ ಸಮಯ ನಿರ್ಧರಿಸುವುದರಲ್ಲಿ. ಕನಿಷ್ಠ ಮೂರು ತಿಂಗಳು ಕಣ್ಣು ಶಾಂತವಾಗಿರಬೇಕು ಎಂಬ ನಿಯಮವಿದೆ. ಎರಡೂವರೆ ತಿಂಗಳಲ್ಲಿ ರೋಗಿ ಅವಸರ ಮಾಡುತ್ತಾನೆ, ಶಸ್ತ್ರಚಿಕಿತ್ಸಾ ಕೊಠಡಿಯೂ ಖಾಲಿ ಇರುತ್ತದೆ. ಆಗ ‘ಇಲ್ಲ’ ಎನ್ನಲು ಕಲಿಯಬೇಕು.

ರೆಟಿನಾ ಫೆಲೋಶಿಪ್ ಜೊತೆ ಇದನ್ನೂ ಮಾಡಬಹುದೇ ಎಂದು ಒಬ್ಬರು ಕೇಳಿದರು. ಮಾಡಬಹುದು, ಅನೇಕರು ಮಾಡುತ್ತಾರೆ, ಎರಡೂ ಒಂದಕ್ಕೊಂದು ಒದಗುತ್ತವೆ. ಆದರೆ ಎರಡನ್ನೂ ಒಂದೇ ವರ್ಷಕ್ಕೆ ತುರುಕುವ ಕೇಂದ್ರಗಳಲ್ಲಿ ಯಾವುದು ಸೊರಗುತ್ತದೆ ಎಂದು ಊಹಿಸಲು ಕಷ್ಟವೇನಿಲ್ಲ.

ಕೇಂದ್ರವನ್ನು ಆರಿಸುವಾಗ ಅಲ್ಲಿನ ಮುಖ್ಯಸ್ಥರ ಪ್ರಕಟಣೆಗಳ ಪಟ್ಟಿ ನೋಡುವ ಬದಲು ಹೋದ ವರ್ಷದ ಫೆಲೋಗೆ ಫೋನ್ ಮಾಡಿ. ಮೆಥೋಟ್ರೆಕ್ಸೇಟ್ ಅನ್ನು ನೀವೇ ಶುರುಮಾಡುತ್ತಿದ್ದಿರೋ ಅಥವಾ ಬೇರೆ ವಿಭಾಗಕ್ಕೆ ಚೀಟಿ ಬರೆಯುತ್ತಿದ್ದಿರೋ ಎಂದು ಕೇಳಿ. ಕಣ್ಣಿನ ದ್ರವದ ಪಿಸಿಆರ್ ವರದಿ ಎಷ್ಟು ದಿನಕ್ಕೆ ಬರುತ್ತಿತ್ತು ಎಂದು ಕೇಳಿ. ಹೊರಡುವಾಗ ನಿಮ್ಮ ರೋಗಿಗಳನ್ನು ಯಾರಿಗೆ, ಹೇಗೆ ಒಪ್ಪಿಸಿದಿರಿ ಎಂಬುದನ್ನಂತೂ ಬಿಡದೆ ಕೇಳಿ. ಒಳ್ಳೆಯ ಕೇಂದ್ರದಲ್ಲಿ ಪ್ರತಿ ರೋಗಿಗೂ ಒಂದು ಹಸ್ತಾಂತರ ಪತ್ರ ಇರುತ್ತದೆ: ಯಾವ ಔಷಧ, ಯಾವ ಪ್ರಮಾಣ, ಯಾವ ತಿಂಗಳಲ್ಲಿ ಇಳಿಸಲು ನೋಡಿದೆವು, ಎಷ್ಟಕ್ಕೆ ಇಳಿಸಿದಾಗ ಕಾಯಿಲೆ ಮರುಕಳಿಸಿತು. ಆ ಕೊನೆಯ ಅಂಕಿಯನ್ನು ಬರೆಯದೆ ಹೋದರೆ ಹೊಸದಾಗಿ ಬಂದ ಫೆಲೋ ಅದೇ ಪ್ರಮಾಣಕ್ಕೆ ಮತ್ತೆ ಇಳಿಸುತ್ತಾನೆ, ರೋಗಿಗೆ ಇನ್ನೊಂದು ಸಲ ಮರುಕಳಿಸುತ್ತದೆ.